ಎಡವುಪಟ್ಟಿ

ಮನೆಗೆ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡದೆ ನಾನು ಮೆಟ್ಟಿಲು ಇಳಿದವಳಲ್ಲ. "ಹೀಗೇ ಜಗ್ತಾ ಇದ್ರೆ ಒಂದು ದಿನ ಬಾಗಿಲೇ ಕೈಗೆ ಬರುತ್ತೆ ನೋಡು," ಎಂದು ನನ್ನ ಗಂಡ ನಗುತ್ತಾರೆ. ಒಲೆ ಆರಿಸಿದ್ದೇನೆಯೇ ಎಂಬ ಅನುಮಾನಕ್ಕೆ ಬಸ್ಸಿನಿಂದ ಇಳಿದು ವಾಪಸು ಬಂದದ್ದೂ ಉಂಟು. ಇಂಥವಳ ಕೈಯಲ್ಲೇ ಹೀಗಾಯಿತು ಎಂದರೆ ಯಾರೂ ನಂಬುವುದಿಲ್ಲ.

ನಾನು ಕೆಲಸ ಮಾಡುವುದು ಬ್ರೈಲ್ ಅಚ್ಚುಕೂಟದಲ್ಲಿ. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪುಸ್ತಕಗಳನ್ನು ಚುಕ್ಕೆಗಳಲ್ಲಿ ಒತ್ತುವ ಜಾಗ. ಇರುವುದು ಎರಡೇ ಕೋಣೆ. ಒಳಗಿನದರಲ್ಲಿ ದಪ್ಪ ಕಾಗದದ ಮೇಲೆ ಚುಕ್ಕೆ ಕುಟ್ಟುವ ಯಂತ್ರ. ಅದು ಓಡುತ್ತಿದ್ದರೆ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಸದ್ದು. ಹೊರಗಿನದರಲ್ಲಿ ಒಂದು ಕಂಪ್ಯೂಟರ್, ಒಂದು ಉದ್ದನೆಯ ಮೇಜು. ಮೇಜಿನ ಆಚೆ ಅಕ್ಕ, ಈಚೆ ನಾನು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಅಚ್ಚುಕೂಟಕ್ಕೆಲ್ಲ ಅವರು ಅಕ್ಕ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಮ್ಯಾನೇಜರ್ ಕೂಡ ಹಾಗೇ ಕರೆಯುವುದು. ಹುಟ್ಟಿನಿಂದಲೇ ಕಣ್ಣಿಲ್ಲ. ಮೂವತ್ತೊಂದು ವರ್ಷದಿಂದ ಇಲ್ಲಿ ಕರಡು ತಿದ್ದುತ್ತಿದ್ದಾರೆ. ನಾನು ಅವರ ಎದುರು ಕೂತು ಒಂಬತ್ತು ವರ್ಷವಾಯಿತು. ಅವರು ಬೆರಳಿನಿಂದ ಓದಿ ಗಟ್ಟಿಯಾಗಿ ಹೇಳುತ್ತಾರೆ, ನಾನು ಅಚ್ಚಿನ ಪುಸ್ತಕದಲ್ಲಿ ಕಣ್ಣು ಓಡಿಸುತ್ತೇನೆ. ಅವರು ಹೇಳಿದ್ದು ಅಚ್ಚಿನಲ್ಲಿರುವ ಹಾಗಿಲ್ಲದಿದ್ದರೆ "ತಡೀರಿ" ಅನ್ನುವುದು ನನ್ನ ಕೆಲಸ. ಹೇಳಿದ್ದು ಸರಿಯಿದ್ದೂ ಬೆರಳು ತಡವರಿಸಿದರೆ, ಅದು ಅವರ ಕೆಲಸ. ಆಗ ಅವರು ಸಾಲಿನ ಪಕ್ಕ ಉಗುರಿನಿಂದ ಒಂದು ಗೀರು ಎಳೆಯುತ್ತಾರೆ.

ತಡವರಿಸುವುದು ಏಕೆಂದರೆ, ಬ್ರೈಲ್ ಬಹಳ ಜಾಗ ತಿನ್ನುತ್ತದೆ. ನೂರು ಪುಟದ ಪುಸ್ತಕ ಇಲ್ಲಿ ಮೂರು ದಪ್ಪ ಸಂಪುಟವಾಗುತ್ತದೆ. ಅದಕ್ಕಾಗಿ ಪದೇ ಪದೇ ಬರುವ ಅಕ್ಷರಗಳ ಗುಂಪಿಗೆ ಒಂದೊಂದು ಗುರುತು ಇಟ್ಟು ಕುಗ್ಗಿಸುವ ಪದ್ಧತಿಯಿದೆ. ಕುಗ್ಗಿಸುವುದು ಕಂಪ್ಯೂಟರ್. ಅದಕ್ಕೆ ಗುಂಪು ಕಂಡರೆ ಸಾಕು. ಎರಡು ಪದ ಕೂಡಿ ಒಂದಾದ ಕಡೆ, ಮೊದಲನೆಯದರ ಬಾಲವೂ ಎರಡನೆಯದರ ತಲೆಯೂ ಸೇರಿ ಅಂಥ ಗುಂಪಾಗಿದ್ದರೆ ಅಲ್ಲಿಯೂ ಅದೇ ಗುರುತು ಒತ್ತುತ್ತದೆ. ಬ್ರೈಲ್ ನಿಯಮದಂತೆ ಅದು ತಪ್ಪಲ್ಲ. ಕಣ್ಣಿಗೆ ಏನೂ ತಿಳಿಯುವುದೂ ಇಲ್ಲ. ಓದುವ ಬೆರಳು ಮಾತ್ರ ಎಡವುತ್ತದೆ. ಹಿಂದಕ್ಕೆ ಹೋಗಿ, ಬಿಡಿಸಿಕೊಂಡು, ಮತ್ತೆ ಮುಂದೆ ಬರಬೇಕು. ಪರೀಕ್ಷೆಗೆ ಓದುವ ಮಗು ಪುಟಕ್ಕೆ ಹತ್ತು ಸಲ ಹಾಗೆ ಎಡವಿದರೆ ಪುಸ್ತಕ ಮುಚ್ಚಿಡುತ್ತದೆ.

ಹನ್ನೊಂದು ವರ್ಷದ ಹಿಂದೆ ಅಕ್ಕ ಅಂಥ ಪದಗಳನ್ನು ಕೂಡಿಡಲು ಶುರು ಮಾಡಿದರು. ಅದಕ್ಕೆ ಅವರೇ ಇಟ್ಟ ಹೆಸರು ಎಡವುಪಟ್ಟಿ. ಬರೀ ತಮ್ಮ ಬೆರಳು ಎಡವಿದ್ದಲ್ಲ. ಪ್ರತಿ ಪುಸ್ತಕದ ಕೊನೆಗೆ ಒಂದು ಖಾಲಿ ಹಾಳೆ ಹೊಲಿಸುತ್ತಿದ್ದರು: 'ಎಲ್ಲಿ ಎಡವಿದೆ ಅಂತ ಬರೆದು ಕಳಿಸು.' ಮಕ್ಕಳು ಬರೆದು ಕಳಿಸುತ್ತಿದ್ದರು; ಪಟ್ಟಿಗೆ ಏರಿಸಿದ ಮೇಲೆ ಆ ಹಾಳೆಗಳು ರದ್ದಿಗೆ ಹೋಗುತ್ತಿದ್ದವು. ಪಟ್ಟಿಯಲ್ಲಿ ಒಂದೊಂದಕ್ಕೂ ಒಂದು ಮನೆ: ಪದ, ಅದನ್ನು ಹೇಗೆ ಒತ್ತಬೇಕು, ಎಡವಿದವರು ಯಾರು, ಯಾವ ಪುಸ್ತಕ, ಯಾವ ಪುಟ. 'ಏಳನೇ ತರಗತಿ ಹುಡುಗಿ, ವಿಜ್ಞಾನ, ಪುಟ ನಲವತ್ತೊಂದು. ಎರಡು ಸಲ ಎಡವಿದಳಂತೆ, ಬೈದಿದ್ದಾಳೆ.' ಹೀಗೆ ಆರು ಸಾವಿರದ ಇನ್ನೂರ ಹದಿನಾಲ್ಕು ಪದ.

ನಾಲ್ಕು ವರ್ಷದ ಹಿಂದೆ ಅದನ್ನು ಕಾಗದದ ಮೇಲೆ ಒತ್ತಿಡೋಣ ಎಂದು ಅಕ್ಕ ಕೇಳಿದ್ದರು. ನಮ್ಮ ಮ್ಯಾನೇಜರಿಗೆ ನಾವಿಬ್ಬರೂ ಇಟ್ಟ ಹೆಸರು 'ಆಯ್ತಾಯ್ತು'. ಏನು ಕೇಳಿದರೂ ಆಯ್ತಾಯ್ತು ಅನ್ನುತ್ತಾರೆ, ಆಗುವುದು ಮಾತ್ರ ಅಪರೂಪ. ಅವತ್ತು ಅದನ್ನೂ ಅನ್ನಲಿಲ್ಲ. "ಪುಸ್ತಕಕ್ಕೇ ಕಾಗದ ಸಾಲ್ತಿಲ್ಲ ಅಕ್ಕಾ. ಕಂಪ್ಯೂಟರಲ್ಲಿ ಇದೆಯಲ್ಲ, ಅದಕ್ಕೇನು ಗೆದ್ದಲು ಹಿಡಿಯುತ್ತಾ?" ಅಂದರು.

ಈ ವರ್ಷ ಅಕ್ಕನಿಗೆ ನಿವೃತ್ತಿ. ಅದಕ್ಕೆ ಎರಡು ತಿಂಗಳು ಮುಂಚೆ ಮ್ಯಾನೇಜರ್ ಒಂದು ಸುದ್ದಿ ತಂದರು. ಬ್ರೈಲ್ ಮಾಡುವ ಹೊಸ ತಂತ್ರಾಂಶವೊಂದು ಬಂದಿದೆ, ಎಡವುಪಟ್ಟಿಯನ್ನು ಅದರೊಳಗೆ ಸೇರಿಸಿಬಿಡಬಹುದು. ಸೇರಿಸಿದರೆ ನಮ್ಮಲ್ಲಷ್ಟೇ ಅಲ್ಲ, ಉಳಿದ ನಾಲ್ಕು ಅಚ್ಚುಕೂಟಗಳಿಗೂ ಹೋಗುತ್ತದೆ. ಮುಂದೆ ಯಂತ್ರವೇ ನೋಡಿಕೊಂಡು ಸರಿಯಾಗಿ ಒತ್ತುತ್ತದೆ. ಒಂದೇ ತೊಡಕು: ನಮ್ಮ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಬಹಳ ಹಳೆಯದು. ಅದನ್ನು ತೆಗೆದು ಹೊಸದು ಹಾಕಬೇಕು.

"ಹಾಕ್ಸಿ," ಅಂದರು ಅಕ್ಕ. ಅವರು ಇಷ್ಟು ಬೇಗ ಒಪ್ಪಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಹಳೇ ಮೇಷ್ಟ್ರು ಹೋಗ್ತಾರೆ ಅಕ್ಕಾ," ಅಂದೆ ನಾನು. ಪರದೆಯ ಮೇಲೆ ಇದ್ದದ್ದನ್ನು ಅಕ್ಕನಿಗೆ ಓದಿ ಹೇಳುವ ದನಿಯೊಂದು ಆ ಕಂಪ್ಯೂಟರಿನಲ್ಲಿತ್ತು. ಒಣ ಗಂಡು ದನಿ. ಕೇಳಿದ್ದಕ್ಕೆ ಉತ್ತರ, ಇಲ್ಲದಿದ್ದರೆ ಮೌನ. ಅಕ್ಕ ಅದನ್ನು ಮೇಷ್ಟ್ರು ಅನ್ನುತ್ತಿದ್ದರು.

"ಹೋಗ್ಲಿ ಬಿಡೇ, ಅವರಿಗೂ ವಯಸ್ಸಾಯ್ತು. ನಾನು ಹೋಗೋ ಹೊತ್ತಿಗೆ ಅವರೂ ಹೋಗಲಿ. ಪಟ್ಟಿ ಉಳಿದ್ರೆ ಸಾಕು." ಆಮೇಲೆ ಮೇಜಿನ ಮೇಲೆ ಕೈಯಾಡಿಸಿ ನನ್ನ ಕೈ ಹುಡುಕಿ ಹಿಡಿದು, "ಅದನ್ನ ಜೋಪಾನ ಮಾಡೋದು ಮಾತ್ರ ನಿನ್ನ ಕೆಲಸ. ಬೀಗ ಜಗ್ಗೋಳು ನೀನೇ ತಾನೇ?" ಅಂದರು.

ಜೋಪಾನ ಮಾಡಿದೆ. ಹೊಸದನ್ನು ಹಾಕಲು ಬರುವವನು ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಳಿಸುತ್ತಾನೆ ಎಂದು ತಿಳಿದ ದಿನವೇ ಮೂರು ಪೆನ್‌ಡ್ರೈವ್ ತಂದೆ. ಪುಸ್ತಕಗಳ ಫೋಲ್ಡರನ್ನು ಮೂರಕ್ಕೂ ಹಾಕಿದೆ. ಒಂದೊಂದಕ್ಕೂ ಕಾಲು ಗಂಟೆ ಹಿಡಿಯಿತು. ಆಮೇಲೆ ಎಡವುಪಟ್ಟಿ. ಒಂಬತ್ತು ವರ್ಷದಿಂದ ದಿನವೂ ಬೆಳಿಗ್ಗೆ ಬಂದು ಪರದೆಯ ಎಡ ಮೂಲೆಯಲ್ಲಿದ್ದ ಹಳದಿ ಚಿತ್ರವನ್ನು ಎರಡು ಸಲ ಒತ್ತಿದರೆ ಅದು ತೆರೆದುಕೊಳ್ಳುತ್ತಿತ್ತು. ಎಡವುಪಟ್ಟಿ ಎಂದರೆ ನನ್ನ ಮಟ್ಟಿಗೆ ಆ ಚಿತ್ರವೇ. ಅದನ್ನು ಎತ್ತಿ ಮೂರು ಪೆನ್‌ಡ್ರೈವಿಗೂ ಹಾಕಿದೆ. ಒಂದೊಂದನ್ನೂ ಒಂದೊಂದು ಲಕೋಟೆಯಲ್ಲಿಟ್ಟು ಮೇಲೆ ತಾರೀಖು ಬರೆದೆ. ಒಂದು ಅಚ್ಚುಕೂಟದ ಕಪಾಟಿಗೆ, ಒಂದು ನನ್ನ ಚೀಲಕ್ಕೆ, ಇನ್ನೊಂದು ಮನೆಯ ಬೀರುವಿಗೆ.

ಲಕೋಟೆಗೆ ಹಾಕುವ ಮುಂಚೆ, "ಎಲ್ಲಿ, ಕೇಳಿಸು," ಅಂದಿದ್ದರು ಅಕ್ಕ. ಕರಡು ತಿದ್ದುವವರಲ್ಲವೇ, ಇನ್ನೊಬ್ಬರ ಮಾತಿನ ಮೇಲೆ ಏನನ್ನೂ ಬಿಡುವುದಿಲ್ಲ. ಒಂದು ಪೆನ್‌ಡ್ರೈವನ್ನು ಮತ್ತೆ ಅದೇ ಕಂಪ್ಯೂಟರಿಗೆ ಚುಚ್ಚಿ, ಅದರೊಳಗಿನ ಹಳದಿ ಚಿತ್ರವನ್ನು ಎರಡು ಸಲ ಒತ್ತಿದೆ. ಪಟ್ಟಿ ತೆರೆಯಿತು. ಮೇಷ್ಟ್ರು ಮೊದಲ ಪದ ಓದಿದರು. ಅಕ್ಕ ತಾವೇ ಕೀಲಿ ಒತ್ತಿ ಕೊನೆಗೆ ಹಾರಿದರು. ಹಿಂದಿನ ವಾರವಷ್ಟೇ ಸೇರಿಸಿದ ಪದ. ನಡುವೆ ಎಲ್ಲೋ ನಿಂತರು: 'ಏಳನೇ ತರಗತಿ ಹುಡುಗಿ, ವಿಜ್ಞಾನ.'

"ಬೈದವಳು ಇದ್ದಾಳೆ," ಎಂದು ಅಕ್ಕ ನಕ್ಕರು. "ಸರಿ."

ಆ ಹೊತ್ತಿಗೆ ನಾನು ಒಂದು ನೋಡಿದೆ. ಪುಸ್ತಕಗಳ ಫೋಲ್ಡರಿನ ಪಕ್ಕ, ಅದು ಹಿಡಿದ ಜಾಗದ ಲೆಕ್ಕವಾಗಿ, ದೊಡ್ಡ ಅಂಕಿಯಿತ್ತು. ಹಳದಿ ಚಿತ್ರದ ಪಕ್ಕ ಇದ್ದದ್ದು ಎರಡು. ಎರಡು ಕೆ.ಬಿ. ಹನ್ನೊಂದು ವರ್ಷದ ಪಟ್ಟಿ, ನಾನು ಉಸಿರು ಬಿಡುವುದರೊಳಗೆ ಪೆನ್‌ಡ್ರೈವಿಗೆ ಹೋಗಿ ಕೂತಿತ್ತು. ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತೂ ಇತ್ತು. ಅದು ಮೊದಲಿನಿಂದಲೂ ಇತ್ತು. ಪಟ್ಟಿ ಇಷ್ಟು ಚಿಕ್ಕದೇ, ಅನ್ನಿಸಿತು. ಬರೀ ಪದಗಳು, ಚಿತ್ರಗಳಿಲ್ಲ, ಇರಬಹುದು, ಎಂದೂ ಅನ್ನಿಸಿತು. ಕೇಳಬಹುದಾಗಿತ್ತು. ಹೊಸ ಸಿಸ್ಟಂ ಹಾಕುವವನು ಅಲ್ಲೇ ಬಾಗಿಲ ಬಳಿ ನಿಂತು ತಂತಿಗಳನ್ನು ನೋಡುತ್ತಿದ್ದ. ಆದರೆ ಅದೇ ಬೆಳಿಗ್ಗೆ ನಾನು ಅವನನ್ನು, ಅಪ್‌ಗ್ರೇಡ್ ಆಗುವಾಗ ಮೌಸನ್ನು ಕಿತ್ತಿಡಬೇಕೇ ಎಂದು ಕೇಳಿದ್ದೆ. ಅವನು, "ಬೇಡ ಮೇಡಂ, ಅದಕ್ಕೆ ನೋವಾಗಲ್ಲ," ಎಂದಿದ್ದ. ಮ್ಯಾನೇಜರ್ ಜೋರಾಗಿ ನಕ್ಕಿದ್ದರು. ಒಂದು ದಿನದಲ್ಲಿ ಎರಡು ಸಲ ನಗೆಪಾಟಲಾಗಲು ನನಗೆ ಮನಸ್ಸಾಗಲಿಲ್ಲ.

ಅವನು ನಡುವಯಸ್ಸಿನವನು, ನೆಗಡಿ ಹಿಡಿದ ಮೂಗು, ಒಳ್ಳೆಯ ಕೆಲಸಗಾರ. ಮೂರು ಸಲ ಕೇಳಿದ. "ಮೇಡಂ, ಬೇಕಾದ್ದೆಲ್ಲ ಕಾಪಿ ಆಯ್ತಾ?"

"ಆಯ್ತು."

"ಅಳಿಸಿದ ಮೇಲೆ ನಾನು ತಲೆಕೆಳಗಾಗಿ ನಿಂತ್ರೂ ಬರಲ್ಲ. ಆಯ್ತಾ?"

"ಮೂರು ಕಡೆ ಇಟ್ಟಿದ್ದೀನಿ."

"ಮೂರು ಕಡೆನಾ!" ಎಂದು ಅವನು ಅಕ್ಕನ ಕಡೆ ತಿರುಗಿದ. "ಇವರ ಮನೇಲಿ ಕಳ್ಳರಿಗೆ ಕಷ್ಟ ಕಣಮ್ಮಾ." ಆಮೇಲೆ ಒಂದು ಹಾಳೆ ಕೊಟ್ಟು, "ಹಾಗಾದ್ರೆ ಇಲ್ಲೊಂದು ಸಹಿ ಹಾಕಿ," ಅಂದ. ಅದೇ ಮೂರನೇ ಸಲ. ಹಾಕಿದೆ.

ಹೊಸ ಸಿಸ್ಟಂ ಒಂದು ಗಂಟೆಯಲ್ಲಿ ಬರುತ್ತದೆ ಅಂದಿದ್ದ. ಎರಡೂವರೆ ದಿನ ಹಿಡಿಯಿತು. ಮೊದಲ ದಿನ ನೂರಕ್ಕೆ ಇಪ್ಪತ್ತೇಳಕ್ಕೆ ಬಂದು ನಿಂತಿತು. ಪರದೆಯ ಮೇಲೆ ಪುಟ್ಟ ಚುಕ್ಕೆಗಳು ಗಾಣದೆತ್ತಿನ ಹಾಗೆ ಸುತ್ತಿದವು. 'ಸ್ವಲ್ಪ ತಾಳಿ, ನಿಮಗಾಗಿ ಎಲ್ಲವನ್ನೂ ಸಿದ್ಧಗೊಳಿಸುತ್ತಿದ್ದೇವೆ.' ನಾನು ಅಕ್ಕನಿಗೆ ಓದಿ ಹೇಳಿದೆ.

"ಯಾರಂತೆ ಸಿದ್ಧಗೊಳಿಸ್ತಿರೋದು? ಎಷ್ಟು ಜನ ಇದ್ದಾರೆ ಒಳಗೆ?"

"ಗೊತ್ತಿಲ್ಲ ಅಕ್ಕಾ. ಇಪ್ಪತ್ತೇಳಕ್ಕೇ ಇದೆ."

"ಬೆಳಿಗ್ಗೆನೂ ಅಷ್ಟೇ ಅಂದೆ. ಮಧ್ಯ ಊಟಕ್ಕೆ ಹೋಗಿದ್ದಾರೇನೋ ನೋಡು."

ಸಂಜೆ ತಾನಾಗಿಯೇ ಆರಿ, ತಾನಾಗಿಯೇ ಹತ್ತಿ, ಮತ್ತೆ ಸೊನ್ನೆಯಿಂದ ಶುರು ಮಾಡಿತು. ಎರಡನೆಯ ದಿನ ನೂರು ಮುಟ್ಟಿತು. ಮುಟ್ಟಿ, ಇನ್ನೂ ಕೆಲವು ಮುಖ್ಯವಾದ ಅಪ್‌ಡೇಟುಗಳಿವೆ ಎಂದಿತು. ಅವೂ ಬಂದ ಮೇಲೆ ಒಳಗಿನ ಕೋಣೆಯ ಯಂತ್ರದ ಗುರುತು ಸಿಕ್ಕಲಿಲ್ಲ. ಹದಿನಾರು ವರ್ಷ ಒಂದೇ ತಂತಿಯಲ್ಲಿ ಸಂಸಾರ ಮಾಡಿದ್ದವು ಎರಡೂ. ಈಗ ಇದು ಅದನ್ನು 'ಅಪರಿಚಿತ ಸಾಧನ' ಅಂದಿತು. ಅವನು ಮೂಗು ಒರೆಸಿಕೊಳ್ಳುತ್ತಾ ಎಲ್ಲೆಲ್ಲಿಂದಲೋ ಏನೇನೋ ಇಳಿಸಿದ. ಮೂರನೆಯ ದಿನ ಬೆಳಿಗ್ಗೆ ಆಲಿಕಲ್ಲು ಬಿದ್ದ ಸದ್ದು ಕೇಳಿತು. ಒತ್ತಿದ ಹಾಳೆಯನ್ನು ಅಕ್ಕ ಮುಟ್ಟಿ ನೋಡಿದರು.

"ಬೋರಲು ಒತ್ತಿದೆ. ಕನ್ನಡಿಯಲ್ಲಿ ಓದಬೇಕು ಇದನ್ನ. ನನಗೆ ಕನ್ನಡಿ ಬೇರೆ ಕೇಡು."

ಅದನ್ನೂ ಸರಿಪಡಿಸಿದ. ಓದುವ ಹೊಸ ದನಿ ಹೆಣ್ಣಿನದು. ಬಹಳ ಉತ್ಸಾಹ. ಕಂಪ್ಯೂಟರ್ ಹತ್ತಿದ ಕೂಡಲೇ, "ನಮಸ್ಕಾರ! ನಿಮ್ಮನ್ನು ಮತ್ತೆ ಕಂಡು ಸಂತೋಷವಾಯಿತು!" ಅಂದಿತು.

"ಯಾರೇ ಇವಳು?" ಅಂದರು ಅಕ್ಕ. "ಅಂಗಡಿ ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅನ್ನೋಳ ಹಾಗಿದ್ದಾಳೆ. ಇವಳು ನನ್ನನ್ನ ಯಾವಾಗ ಕಂಡಿದ್ಲು?" ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಕೂದಲು ಸರಿಮಾಡಿಕೊಂಡರು. "ಸರಿ, ಇವಳ ಕೈಗೆ ಪಟ್ಟಿ ಕೊಡು. ಏನು ಓದ್ತಾಳೆ ನೋಡೋಣ."

ಮ್ಯಾನೇಜರೂ ಬಂದು ನಿಂತರು. ನಾನು ಕಪಾಟಿನ ಲಕೋಟೆ ಒಡೆದೆ, ಪೆನ್‌ಡ್ರೈವ್ ಚುಚ್ಚಿದೆ. ಪುಸ್ತಕಗಳಿದ್ದವು. ಎಡವುಪಟ್ಟಿಯೂ ಇತ್ತು, ಚಿತ್ರ ಮಾತ್ರ ಹಳದಿ ಹೋಗಿ ಬಿಳಿಯ ಖಾಲಿ ಹಾಳೆಯ ಹಾಗಿತ್ತು. ಎರಡು ಸಲ ಒತ್ತಿದೆ.

ಹೊಸ ದನಿ ಅದೇ ಉತ್ಸಾಹದಲ್ಲಿ ಓದಿತು: "ಈ ಶಾರ್ಟ್‌ಕಟ್ ಸೂಚಿಸುವ ಫೈಲನ್ನು ಬದಲಿಸಲಾಗಿದೆ ಅಥವಾ ಅಳಿಸಲಾಗಿದೆ. ಈ ಶಾರ್ಟ್‌ಕಟ್ಟನ್ನೂ ಅಳಿಸಬೇಕೆ? ಹೌದು. ಇಲ್ಲ."

ನಾನು 'ಇಲ್ಲ' ಒತ್ತಿದೆ. ಚೀಲದಲ್ಲಿದ್ದುದನ್ನು ತೆಗೆದು ಚುಚ್ಚಿದೆ. ದನಿ ಅದನ್ನೇ ಕೇಳಿತು. ಅಳಿಸಬೇಕೆ?

"ಮನೇಲಿ ಇನ್ನೊಂದಿದೆ," ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ, ನಾನು ನಿಲ್ಲಲಿಲ್ಲ. ಎರಡು ಬಸ್ಸು ಬದಲಿಸಿ ಮನೆಗೆ ಹೋದೆ. ಬೀರುವಿನಲ್ಲಿ ಬಟ್ಟೆಗಳ ಹಿಂದೆ ಲಕೋಟೆ ಇಟ್ಟಲ್ಲೇ ಇತ್ತು. ಎದೆಗೆ ಒತ್ತಿ ಹಿಡಿದುಕೊಂಡು ವಾಪಸು ಬಂದೆ. ಅವತ್ತು ಮಾತ್ರ ಬೀಗ ಜಗ್ಗಿ ನೋಡಲಿಲ್ಲ. ದಾರಿಯುದ್ದಕ್ಕೂ, ಮನೆಯದು ಬೇರೆ, ಮನೆಯದನ್ನು ಯಾರೂ ಮುಟ್ಟಿಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಕಾಲೇಜಿನಲ್ಲಿ ಓದಿದವಳು ನಾನು.

ಅದನ್ನೂ ಕೇಳಿಸಿಕೊಂಡ ಮೇಲೆ ಅವನು ಮೆಲ್ಲಗೆ ಹೇಳಿದ. "ಮೇಡಂ, ಇದು ಫೈಲ್ ಅಲ್ಲ. ಫೈಲ್ ಎಲ್ಲಿದೆ ಅಂತ ತೋರಿಸೋ ಬೋರ್ಡು. ನಿಮ್ಮ ಮೊದಲು ಇದ್ದವರು ಯಾರೋ ಪಟ್ಟಿನ ಒಳಗೆಲ್ಲೋ ಇಟ್ಟು, ಸುಲಭವಾಗ್ಲಿ ಅಂತ ಹೊರಗೆ ಬೋರ್ಡು ಹಾಕಿದ್ದಾರೆ. ನೀವು ಬೋರ್ಡು ಕಿತ್ತು ಮೂರು ಕಡೆ ಜೋಪಾನ ಮಾಡಿದ್ದೀರಿ."

"ತೆರೆದು ನೋಡಿದ್ವಲ್ಲ! ಅಕ್ಕ ಕೇಳಿದ್ರಲ್ಲ!"

"ಯಾವ ಕಂಪ್ಯೂಟರಲ್ಲಿ ತೆರೆದ್ರಿ?"

"ಇದರಲ್ಲೇ," ಅಂದರು ಅಕ್ಕ.

"ಆಗ ಫೈಲೂ ಇದರಲ್ಲೇ ಇತ್ತಲ್ಲಮ್ಮಾ. ಬೋರ್ಡು ದಾರಿ ತೋರಿಸ್ತು, ಹೋಗಿ ತೆರೀತು."

ಮ್ಯಾನೇಜರ್ ಅವನ ಮೇಲೆ ರೇಗಿದರು. ನೋಡಿಕೊಂಡು ಅಳಿಸುವುದಕ್ಕೇನು, ಇಷ್ಟು ವರ್ಷದ ಕೆಲಸ, ಜವಾಬ್ದಾರಿ ಬೇಡವೇ, ಇನ್ನು ಮುಂದೆ ಈ ಮೆಟ್ಟಿಲು ಹತ್ತಬೇಡ. ಅವನು ಜಗಳವಾಡಲಿಲ್ಲ. ನನ್ನ ಸಹಿ ಇದ್ದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಮ್ಯಾನೇಜರ್ ಅದನ್ನು ಓದಿ, ನನ್ನ ಮುಖ ನೋಡಿ, "ಆಯ್ತಾಯ್ತು," ಎಂದು ಒಳಕ್ಕೆ ಹೋದರು.

ಅವನು ಮಾರನೆಯ ದಿನವೂ ಬಂದ, ಯಾರೂ ಕರೆಯದಿದ್ದರೂ. ಅಳಿಸಿದ್ದನ್ನು ಕೆದಕುವ ತಂತ್ರಾಂಶವೊಂದನ್ನು ತಂದಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೆದಕಿದ. ಹಳೆಯದರ ಮೇಲೆ ಹೊಸದು ಎರಡೆರಡು ಸಲ ಬಂದು ಕೂತಿತ್ತು. ಸಿಕ್ಕಿದ್ದು ಹೆಸರಿಲ್ಲದ ಚೂರುಗಳು. ಒಂದರಲ್ಲಿ ಮಾತ್ರ ನಾಲ್ಕು ಸಾಲು ಓದುವ ಹಾಗಿತ್ತು. ಪದವಿಲ್ಲ, ತಿದ್ದುಪಡಿಯಿಲ್ಲ. 'ಹುಡುಗ, ಚರಿತ್ರೆ, ಪುಟ ಹನ್ನೆರಡು. ಹುಡುಗಿ, ಅದೇ ಪುಟ. ಹುಡುಗ, ಊರು ಬರೆದಿಲ್ಲ. ಎಡವಿ ಎಡವಿ ಅಭ್ಯಾಸ ಆಗಿದೆಯಂತೆ, ಪಾಪ.' ಹೊಸ ದನಿ ಇದನ್ನು ಓದಿದಾಗ ಅಕ್ಕ ತಲೆಯಾಡಿಸಿದರು. "ನಿಲ್ಲಿಸು ಇವಳನ್ನ," ಅಂದರು.

ಅವತ್ತು ಅವನು ಹೋದ ಮೇಲೆ ನಾವಿಬ್ಬರೇ ಉಳಿದೆವು. ಅಕ್ಕ ಊಟದ ಡಬ್ಬಿಯನ್ನು ಬೆಳಿಗ್ಗೆಯಿಂದ ತೆರೆದಿರಲಿಲ್ಲ. ಎರಡು ಕೆ.ಬಿ. ವಿಷಯ ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ.

"ಅಕ್ಕಾ, ಅವತ್ತು ಕಾಪಿ ಮಾಡುವಾಗ ನಾನೊಂದು ನೋಡಿದೆ."

"ಏನು?"

"ಅದರ ಪಕ್ಕ ಅಳತೆ ಬರುತ್ತೆ. ಬಹಳ ಚಿಕ್ಕದಿತ್ತು. ಇಷ್ಟು ದೊಡ್ಡ ಪಟ್ಟಿ ಇಷ್ಟು ಚಿಕ್ಕದಾಗಿರೋಕೆ ಸಾಧ್ಯವಿಲ್ಲ ಅಂತ ಅನ್ನಿಸ್ತು."

"ಅನ್ನಿಸ್ತು."

"ಕೇಳಿದ್ರೆ ನಗ್ತಾರೆ ಅಂತ ಸುಮ್ಮನಾದೆ."

ಅಕ್ಕನ ಬೆರಳು ಮೇಜಿನ ಅಂಚನ್ನು ಎಡದಿಂದ ಬಲಕ್ಕೆ ಸವರುತ್ತಿತ್ತು. ಅಲ್ಲಿ ಓದಲು ಏನೂ ಇರಲಿಲ್ಲ.

"ನನಗೆ ಹೇಳಬಹುದಿತ್ತಲ್ಲೇ. ನಾನು ನಗ್ತಿದ್ನಾ?"

"ಇಲ್ಲ ಅಕ್ಕಾ."

"ಪದ ತಪ್ಪಿದ್ರೆ ತಡೀರಿ ಅಂತೀಯ. ಅರ್ಧ ವಿರಾಮ ತಪ್ಪಿದ್ರೂ ತಡೀರಿ ಅಂತೀಯ. ಒಂಬತ್ತು ವರ್ಷದಲ್ಲಿ ಒಂದು ಸಲ ಹೇಳದೇ ಬಿಟ್ಟಿಲ್ಲ. ಅವತ್ತು ಒಂದು ತಡೀರಿ ಅನ್ನೋಕೆ ಏನಾಗಿತ್ತೇ ನಿನಗೆ?"

ನಾನು ಅಳತೊಡಗಿದೆ. ಸದ್ದು ಬರದ ಹಾಗೆ ಅತ್ತೆ, ಅವರಿಗೆ ತಿಳಿಯಬಾರದೆಂದು. ತಿಳಿಯಿತು.

"ಅಳಬೇಡ. ಅತ್ತು ನನ್ನ ಕೈಲಿ ಸಮಾಧಾನ ಮಾಡಿಸ್ಕೋಬೇಡ. ಇವತ್ತು ನನ್ನ ಹತ್ರ ಅದಿಲ್ಲ." ಕೋಲು ಹುಡುಕಿ ಎದ್ದರು. ಯಾವತ್ತೂ ಮೆಟ್ಟಿಲ ತನಕ ನನ್ನ ಮೊಣಕೈ ಹಿಡಿಯುತ್ತಿದ್ದವರು, ಅವತ್ತು ಗೋಡೆ ಹಿಡಿದು ಹೋದರು.

ಅಕ್ಕನ ನಿವೃತ್ತಿಗೆ ಉಳಿದದ್ದು ಹನ್ನೆರಡು ದಿನ. ನೆನಪಿರುವಷ್ಟನ್ನು ಹೇಳಿ, ಬರೆದುಕೊಳ್ಳುತ್ತೇನೆ, ಎಂದು ಎರಡು ಸಲ ಕೇಳಿದೆ. ಮೊದಲ ಸಲ, "ನೆನಪಿರೋದಾಗಿದ್ರೆ ಪಟ್ಟಿ ಯಾಕೆ ಮಾಡ್ತಿದ್ದೆ?" ಅಂದರು. ಎರಡನೆಯ ಸಲ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದರು. ಮ್ಯಾನೇಜರ್ ಮಾತ್ರ ಹಗುರಾಗಿದ್ದರು. ಹೊಸ ತಂತ್ರಾಂಶದಲ್ಲಿ ಅದರದೇ ಪದಕೋಶವಿದೆಯಂತೆ, ಬಹಳ ದೊಡ್ಡದಂತೆ, ನಮ್ಮ ಪಟ್ಟಿ ಇಲ್ಲದೆಯೂ ನಡೆಯುತ್ತದಂತೆ. ಖಾಲಿಯಾಗುವ ಅಕ್ಕನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಅವರು ಅದೇ ಉಸಿರಿನಲ್ಲಿ ಹೇಳಿದರು. ಪುಸ್ತಕದ ಕೊನೆಗೆ ಹೊಲಿಸುತ್ತಿದ್ದ ಖಾಲಿ ಹಾಳೆಯೂ ನಿಂತಿತು. ಬಂದರೆ ಓದುವವರು ಯಾರು?

ಕೊನೆಯ ದಿನ ಭೂಗೋಳದ ಕರಡು ಬಂತು. ಹೊಸ ತಂತ್ರಾಂಶದ ಮೊದಲ ಪುಸ್ತಕ. ಹೊರಗೆ ಮ್ಯಾನೇಜರ್ ಕುರ್ಚಿಗಳನ್ನು ಸಾಲಾಗಿ ಇಡಿಸುತ್ತಿದ್ದರು, ಸಂಜೆ ಅಕ್ಕನ ಬಗ್ಗೆ ನಾಲ್ಕು ಮಾತಾಡಿ ಕಳಿಸಿಕೊಡಲು. ಅಕ್ಕ ಮೇಜಿನ ಆಚೆ, ನಾನು ಈಚೆ. ಓದತೊಡಗಿದರು. ದನಿಯಲ್ಲಿ ಏನೂ ಇರಲಿಲ್ಲ, ಮೇಷ್ಟ್ರ ದನಿಯ ಹಾಗಿತ್ತು.

ಮೂರನೆಯ ಪುಟದ ಮಧ್ಯ ಅವರ ಬೆರಳು ನಿಂತಿತು. ಒಂದು ಕೂದಲೆಳೆಯಷ್ಟು ಹಿಂದೆ ಹೋಗಿ, ಮತ್ತೆ ಮುಂದೆ ಬಂತು. ಬಾಯಿ ಮಾತ್ರ ನಿಲ್ಲಲಿಲ್ಲ. ಪದಗಳು ಅಚ್ಚಿನಲ್ಲಿದ್ದ ಹಾಗೇ ಬಂದವು. ಗೀರು ಎಳೆಯುವ ಉಗುರು ಮೇಲೇಳಲಿಲ್ಲ.

"ತಡೀರಿ," ಅಂದೆ.

"ಏನು, ತಪ್ಪು ಹೇಳಿದ್ನಾ?"

"ಇಲ್ಲ. ಹೇಳಿದ್ದು ಸರಿ. ಬೆರಳು ಎಡವಿತಲ್ಲ ಅಕ್ಕಾ?"

"ಎಲ್ಲಿ?"

"ಈಗ. ಈ ಸಾಲಲ್ಲಿ. ನಾನು ನೋಡಿದೆ."

"ನೋಡಿದ್ಯಾ?" ಅಂದರು. ಆ ಒಂದು ಮಾತಿನಲ್ಲಿ ಏನೇನಿತ್ತೋ, ಮತ್ತೆ ಅಂಥದ್ದನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ. "ಇಲ್ಲ. ಎಡವಿಲ್ಲ. ಯಂತ್ರ ಸರಿಯಾಗೇ ಒತ್ತಿದೆ. ಮುಂದೆ ಹೋಗೋಣ."

ಮುಂದೆ ಹೋದೆವು. ಆ ಪುಸ್ತಕದಲ್ಲಿ ಹತ್ತೊಂಬತ್ತು ಕಡೆ ಅವರ ಬೆರಳು ನಿಂತು ಹಿಂದೆ ಹೋಯಿತು. ಒಂದು ಕಡೆಯೂ ಗೀರು ಬೀಳಲಿಲ್ಲ. ಸಂಜೆ ಕೊನೆಯ ಹಾಳೆ ಮಗುಚಿ, "ಸರಿ," ಎಂದು ಕರಡನ್ನು ನನ್ನ ಕಡೆ ತಳ್ಳಿದರು. ಮೂವತ್ತೊಂದು ವರ್ಷದಲ್ಲಿ ಒಂದೂ ಗುರುತಿಲ್ಲದೆ ಅವರ ಕೈಯಿಂದ ಹೊರಟ ಕರಡು ಅದೊಂದೇ ಇರಬೇಕು.

ಎಲ್ಲರೂ ಹೋದ ಮೇಲೆ ನಾನು ಒಂದು ನೋಟ್‌ಬುಕ್ ತೆಗೆದೆ. ಕಾಗದದ ನೋಟ್‌ಬುಕ್, ಪೆನ್ಸಿಲ್. ಮೊದಲ ಸಾಲಿಗೆ ಭೂಗೋಳ, ಪುಟ ಮೂರು ಎಂದು ಬರೆದೆ. ಎಡವಿದ ಪದ ಬರೆಯಬೇಕಾಗಿತ್ತು. ಬೆರಳು ನಿಂತದ್ದನ್ನು ನಾನು ನೋಡಿದ್ದೆ, ನಿಂತದ್ದು ಯಾವ ಪದದ ಮೇಲೆ ಎಂಬುದು ಬೆರಳಿಗಷ್ಟೇ ಗೊತ್ತು. ಅಲ್ಲಿ ಪಕ್ಕಪಕ್ಕದಲ್ಲಿ ಮೂರು ಪದಗಳಿದ್ದವು. ಕಣ್ಣು ಮುಚ್ಚಿ ನನ್ನ ಬೆರಳನ್ನು ಅವುಗಳ ಮೇಲೆ ಆಡಿಸಿ ನೋಡಿದೆ. ಎಲ್ಲವೂ ಒಂದೇ ತರಿ. ಮೂರನ್ನೂ ಬರೆದೆ. 'ಹೇಗೆ ಒತ್ತಬೇಕು' ಎಂಬ ಮನೆಯನ್ನು ಖಾಲಿ ಬಿಟ್ಟು, 'ಎಡವಿದವರು' ಎಂಬಲ್ಲಿ 'ಅಕ್ಕ. ಇಲ್ಲ ಅಂದರು' ಎಂದು ಬರೆದೆ.